ಕತ್ತಲಲ್ಲಿ ಡೇರಿಗೆ ಹೋಗುವವರ ಬೆನ್ನಿಗೊಂದು ಬೆಳಕಿನ ಪಟ್ಟಿ: ಸೂಜಿ ದಾರದಲ್ಲೇ ಸರ್ಕ್ಯೂಟ್ ಹೊಲಿಯುವುದು ಹೇಗೆ

ಶಿಡ್ಲಘಟ್ಟ, ಚಿಂತಾಮಣಿ ಸುತ್ತಿನ ಹಳ್ಳಿಗಳಲ್ಲಿ ಜನ ಡೇರಿಗೆ ಹಾಲು ಹಾಕಲು ಹೊರಡುವ ಹೊತ್ತಿಗೆ ಚಳಿಗಾಲದಲ್ಲಿ ಇನ್ನೂ ಕತ್ತಲೇ ಇರುತ್ತದೆ. ಜೊತೆಗೆ ಮಂಜು ಬೇರೆ. ಕ್ಯಾನ್ ಹಿಡಿದು ರಸ್ತೆ ಪಕ್ಕ ನಡೆಯುವವರ ಮೈಮೇಲೆ ಕಂದು ಶಾಲು, ಕಡು ಬಣ್ಣದ ಸ್ವೆಟರ್. ಹಿಂದಿನಿಂದ ಬರುವ ಟೆಂಪೋದವರಿಗೆ ಅವರು ಕಾಣುವುದು ತೀರಾ ಹತ್ತಿರ ಬಂದ ಮೇಲೆ. ಅಂಥವರಿಗಾಗಿ ಒಂದು ಬೆಳಕಿನ ಪಟ್ಟಿ ಹೊಲಿಯುವ ವಿಧಾನ ಇಲ್ಲಿದೆ. ಬೆನ್ನಿಗೆ ಟಿಚ್ ಬಟನ್ ಒತ್ತಿ ಕೂರಿಸಿದರೆ ದೀಪ ಹತ್ತುತ್ತದೆ, ಬಿಚ್ಚಿದರೆ ಆರುತ್ತದೆ. ಕೊನೆಯಲ್ಲಿ ಕತ್ತಲನ್ನು ಅದೇ ಗುರುತಿಸುವ ಹಾಗೂ ಮಾಡೋಣ. ಪಟ್ಟಿಯ ಉದ್ದಕ್ಕೂ ವೈರ್ ಎಳೆಯುವುದಿಲ್ಲ. ಕರೆಂಟ್ ಹರಿಯುವುದು ಹೊಲಿಗೆಯಲ್ಲೇ.

ಇಂಥ ಕೆಲಸಕ್ಕೆ ಸಾಫ್ಟ್ ಸರ್ಕ್ಯೂಟ್, ಇ-ಟೆಕ್ಸ್‌ಟೈಲ್ ಎಂದು ಹೆಸರು. ಲಿಯಾ ಬ್ಯೂಕ್ಲಿ ಎಂಬ ಸಂಶೋಧಕಿ ಬಟ್ಟೆಗೆ ಹೊಲಿಯಬಹುದಾದ ಲಿಲಿಪ್ಯಾಡ್ ಎಂಬ ಪುಟ್ಟ ಆರ್ಡುಯಿನೊ ಬೋರ್ಡ್ (ಹೇಳಿಕೊಟ್ಟಂತೆ ದೀಪ, ಸೆನ್ಸರ್ ನಡೆಸುವ ಸಣ್ಣ ಕಂಪ್ಯೂಟರ್) ರೂಪಿಸಿದರು. 2007ರಲ್ಲಿ ಅದು ಮಾರುಕಟ್ಟೆಗೆ ಬಂದ ಮೇಲೆ ಈ ಕೆಲಸ ಪ್ರಯೋಗಾಲಯದಿಂದ ಹೊರಗೆ ಬಂದು ಹವ್ಯಾಸಿಗಳ, ಶಾಲಾ ಮಕ್ಕಳ ಕೈ ಸೇರಿತು. ಆದರೆ ನಮ್ಮ ಪಟ್ಟಿಗೆ ಆ ಬೋರ್ಡ್ ಕೂಡ ಬೇಡ.

ಈ ಕೆಲಸದಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರಿಗಿಂತ ಹೊಲಿಗೆ ಬಲ್ಲವರೇ ಬೇಗ ಮುಂದೆ ಹೋಗುತ್ತಾರೆ ಎಂಬುದು ನನ್ನ ಗಟ್ಟಿ ನಂಬಿಕೆ. ಇಲ್ಲಿ ಬೇಕಾದಷ್ಟು ಸರ್ಕ್ಯೂಟನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಬಟ್ಟೆ ಎಲ್ಲಿ ಎಳೆಯುತ್ತದೆ, ಎಲ್ಲಿ ಮಡಿಚಿಕೊಳ್ಳುತ್ತದೆ, ಯಾವ ಹೊಲಿಗೆ ಮೊದಲು ಬಿಡುತ್ತದೆ ಎನ್ನುವುದು ಮಾತ್ರ ವರ್ಷಗಟ್ಟಲೆ ಹೊಲಿದ ಕೈಗೇ ಗೊತ್ತಿರುತ್ತದೆ. ರೇಷ್ಮೆ ನೂಲು ಬಿಚ್ಚುವವರು, ಹುರಿ ಹಾಕುವವರು, ಸೀರೆಗೆ ಕುಚ್ಚು ಕಟ್ಟುವವರು ಇರುವ ಊರಿನಲ್ಲಿ ಅರ್ಧ ಕೆಲಸ ಆಗಲೇ ಮುಗಿದಿದೆ.

ಮೊದಲು ತೊಡುವವರನ್ನು ನೋಡಿ

ಸೂಜಿ ಹಿಡಿಯುವ ಮೊದಲು ಯಾರಿಗಾಗಿ ಹೊಲಿಯುತ್ತೀರೋ ಅವರು ಬೆಳಿಗ್ಗೆ ಹೊರಡುವುದನ್ನು ಒಂದು ದಿನ ಸುಮ್ನೆ ನಿಂತು ನೋಡಿ. ವಿನ್ಯಾಸದ ಮುಕ್ಕಾಲು ಪಾಲು ಅಲ್ಲೇ ತೀರ್ಮಾನವಾಗುತ್ತದೆ.

ಹೆಂಗಸರಾದರೆ ಬೆನ್ನಿನ ನಡುವೆ ಜಡೆ ಇರುತ್ತದೆ. ಒಂದು ಪಕ್ಕದಲ್ಲಿ ಸೆರಗು ಇಳಿಬಿದ್ದಿರುತ್ತದೆ. ನಟ್ಟನಡುವೆ ದೀಪ ಇಟ್ಟರೆ ಜಡೆ ಮುಚ್ಚಿಬಿಡುತ್ತದೆ. ಮೊಪೆಡ್‌ನಲ್ಲಿ ಹೋಗುವವರು ಹಿಂದೆ ಕ್ಯಾನ್ ಕಟ್ಟಿರುತ್ತಾರೆ. ಅವರಿಗೆ ಸೊಂಟದ ಹತ್ತಿರ ಹಾಕಿದ ದೀಪ ವ್ಯರ್ಥ. ತಲೆ ಮೇಲಿಂದ ಶಾಲು ಹೊದ್ದವರಿಗೆ ಒಳಗಿನ ಸ್ವೆಟರ್‌ಗೆ ಏನು ಹೊಲಿದರೂ ಕಾಣುವುದಿಲ್ಲ. ಹಾಗಾಗಿ ದೀಪ ಬೆನ್ನಿನ ಮೇಲ್ಭಾಗದಲ್ಲೇ ಇರಬೇಕು. ನಡುವಿನಲ್ಲಿ ಜಾಗ ಬಿಟ್ಟು ಎಡಕ್ಕೆರಡು, ಬಲಕ್ಕೆರಡು ಬರಬೇಕು. ಒಂದೇ ಬಟ್ಟೆಗೆ ಕಾಯಂ ಹೊಲಿಯದೆ, ಶಾಲಿಗೂ ಸ್ವೆಟರ್‌ಗೂ ಹಾಕಿ ತೆಗೆಯುವಂತಿರಬೇಕು. ಅದಕ್ಕೇ ಇದನ್ನು ಜಾಕೆಟ್ ಮಾಡದೆ 30 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ ಪಟ್ಟಿ ಮಾಡುತ್ತಿದ್ದೇವೆ.

ಮನೆಯ ಹಿರಿಯರು ಮೊದಲು ಕೇಳುವುದು, "ಮೈಮೇಲೆ ಕರೆಂಟ್ ಹೊಡೆಯಲ್ವೇನಪ್ಪಾ?" ಎಂದು. ಒಳ್ಳೆಯ ಪ್ರಶ್ನೆ. ಎರಡು ಸಣ್ಣ ಸೆಲ್ ಸೇರಿದರೆ 3 ವೋಲ್ಟ್. ಅದು ಚರ್ಮಕ್ಕೆ ಗೊತ್ತೇ ಆಗುವುದಿಲ್ಲ. ಅಪಾಯ ಇರುವುದು ಶಾಕ್‌ನಲ್ಲಲ್ಲ, ಪ್ಲಸ್ ಮೈನಸ್ ನೇರ ತಾಗಿ ಶಾರ್ಟ್ ಆಗಿ ಸೆಲ್ ಬಿಸಿಯಾಗುವುದರಲ್ಲಿ. ಅದನ್ನು ತಡೆಯುವ ಬಗೆ ಮುಂದೆ ಹೇಳುತ್ತೇನೆ.

ಯಾವ ದಾರ?

ಕರೆಂಟ್ ಹರಿಸುವ ದಾರದಲ್ಲಿ ಮುಖ್ಯವಾಗಿ ಎರಡು ಬಗೆ. ನೈಲಾನ್ ಎಳೆಗೆ ಬೆಳ್ಳಿ ಲೇಪಿಸಿದ್ದು ಒಂದು. ಸ್ಟೇನ್‌ಲೆಸ್ ಸ್ಟೀಲಿನ ಕೂದಲೆಳೆಗಳನ್ನು ಹುರಿ ಮಾಡಿದ್ದು ಇನ್ನೊಂದು. ಬೆಳ್ಳಿಯದು ಕರೆಂಟನ್ನು ಚೆನ್ನಾಗಿ ಹರಿಸುತ್ತದೆ, ನಯವಾಗಿಯೂ ಇರುತ್ತದೆ. ಆದರೆ ಬೆವರು, ಗಾಳಿ ತಾಗಿ ಕಪ್ಪಾಗುತ್ತಾ ಹೋಗುತ್ತದೆ. ಸ್ಟೀಲ್ ದಾರ ಸ್ವಲ್ಪ ಒರಟು, ಗಂಟು ಜಾರುತ್ತದೆ. ಆದರೆ ಕಪ್ಪಾಗುವುದಿಲ್ಲ, ಒಗೆದರೂ ಬಾಳುತ್ತದೆ. ದಿನಾ ಬಳಸುವ ವಸ್ತುವಿಗೆ ನಾನು ಸ್ಟೀಲನ್ನೇ ಆರಿಸುತ್ತೇನೆ. ಎರಡೆಳೆ, ಮೂರೆಳೆ ಎಂದು ಎರಡು ಬಗೆ ಸಿಗುತ್ತದೆ. ಮೂರೆಳೆಯಲ್ಲಿ ರೋಧ, ಅಂದರೆ ಕರೆಂಟಿಗೆ ಬರುವ ತಡೆ ಕಡಿಮೆ. ಅದನ್ನು ಓಮ್‌ನಲ್ಲಿ ಅಳೆಯುತ್ತಾರೆ, ಇದರಲ್ಲಿ ಒಂದು ಅಡಿಗೆ ಸುಮಾರು 10 ಓಮ್. ಅದನ್ನೇ ತಗೊಳ್ಳಿ. ನಮ್ಮ ಊರುಗಳ ಅಂಗಡಿಯಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಬೇಕಾಗುತ್ತದೆ.

ಹಾಗಾದರೆ ನಮ್ಮ ಜರಿ? ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮ್ಯಾಗಿ ಆರ್ಥ್, ರೆಮಿ ಪೋಸ್ಟ್ ಮತ್ತು ಸಂಗಡಿಗರು ಬಟ್ಟೆಯಲ್ಲೇ ಕೀಬೋರ್ಡ್ ಮಾಡಿದರು. ಅದಕ್ಕೆ ಅವರು ಬಳಸಿದ್ದು ರೇಷ್ಮೆಯ ಆರ್ಗಂಜಾ. ರೇಷ್ಮೆ ಎಳೆಯ ಸುತ್ತ ತೆಳುವಾದ ಲೋಹದ ಹಾಳೆ ಸುತ್ತಿದ ನೂಲಿನಿಂದ ನೇಯ್ದ ಬಟ್ಟೆ ಅದು. ಕೇಳಿದ ಹಾಗಿದೆ ಅಲ್ವಾ? ಜರಿ ಮಾಡುವ ಕ್ರಮವೂ ಇದೇ.

ಆದರೆ ಎಲ್ಲಾ ಜರಿ ಒಂದೇ ಅಲ್ಲ. ಅಸಲಿ ಜರಿಯಲ್ಲಿ ರೇಷ್ಮೆ ಎಳೆಗೆ ಬೆಳ್ಳಿಯ ಚಪ್ಪಟೆ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟಿರುತ್ತಾರೆ. ಟೆಸ್ಟೆಡ್ ಜರಿಯಲ್ಲಿ ತಾಮ್ರದ ತಂತಿ ಇರುತ್ತದೆ. ಪ್ಲಾಸ್ಟಿಕ್ ಜರಿ ಹೊಳೆಯುವ ಪಾಲಿಯೆಸ್ಟರ್ ಹಾಳೆ ಅಷ್ಟೇ, ಅದನ್ನು ನಂಬಿ ಸರ್ಕ್ಯೂಟ್ ಹೊಲಿಯಲು ಆಗುವುದಿಲ್ಲ. ಕಣ್ಣಿಗೆ ಮೂರೂ ಒಂದೇ ಥರ ಕಾಣಬಹುದು. ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರನ್ನು ಬೀಪ್ ಮೋಡ್‌ಗೆ (ಕರೆಂಟಿಗೆ ದಾರಿ ಇದ್ದರೆ ಶಬ್ದ ಮಾಡುವ ಮೋಡ್) ಹಾಕಿ, ಎರಡು ಕಡ್ಡಿಗಳನ್ನು ಜರಿ ಎಳೆಯ ಮೇಲೆ ಒಂದು ಗೇಣು ದೂರದಲ್ಲಿ ಒತ್ತಿ. ಶಬ್ದ ಬಂದರೆ ಆ ಜರಿ ಉಪಯೋಗಕ್ಕೆ ಬರುತ್ತದೆ. ತಾಮ್ರದ ಜರಿ ಮೇಲೆ ಕೆಲವೊಮ್ಮೆ ಬಣ್ಣದ ಪೊರೆ ಇರುತ್ತದೆ. ಉಗುರಿನಿಂದ ಕೆರೆದು ಇನ್ನೊಮ್ಮೆ ನೋಡಿ.

ಪರೀಕ್ಷೆಗೆ ಮನೆಯ ಹಳೆ ರೇಷ್ಮೆ ಸೀರೆಗೆ ಕತ್ತರಿ ಹಾಕಬೇಡಿ. ಹರಿದು ಮೂಲೆ ಸೇರಿದ ಸೀರೆಯ ಅಂಚಿನ ತುಂಡು ಸಾಕು. ಅಂಚಿನಲ್ಲಿ ಜರಿ ಎಳೆಗಳು ಒಂದಕ್ಕೊಂದು ತಾಗಿಕೊಂಡೇ ಹೋಗುತ್ತವೆ. ಅಂದರೆ ಇಡೀ ಅಂಚು ಒಂದೇ ಅಗಲವಾದ ತಂತಿಯಾಗಿ ಕೆಲಸ ಮಾಡುತ್ತದೆ. ಅದರಲ್ಲಿ ಪ್ಲಸ್, ಮೈನಸ್ ಎರಡನ್ನೂ ಓಡಿಸಲಾಗದು. ಆದರೆ ಮೈನಸ್ ಸಾಲಿಗೆ ಅದು ಬಹಳ ಚೆನ್ನಾಗಿ ಹೊಂದುತ್ತದೆ. ಎಳೆಗಳು ಜಾಸ್ತಿ ಇರುವುದರಿಂದ ರೋಧ ತೀರಾ ಕಡಿಮೆ. ಪಟ್ಟಿಯ ಕೆಳಗಡೆ ಒಂದು ಜರಿ ಅಂಚು ಇಟ್ಟರೆ ನೋಡಲೂ ಚೆಂದ.

ಉಳಿದ ಸಾಮಾನು

ದಪ್ಪ ಹತ್ತಿ ಬಟ್ಟೆ ಅಥವಾ ಡ್ರಿಲ್ ಬಟ್ಟೆ. ಬನಿಯನ್ ಬಟ್ಟೆ ಬೇಡ, ಅದು ಎಳೆದಾಗ ಹೊಲಿಗೆ ತುಂಡಾಗುತ್ತದೆ. ಒಳಗೆ ಇಸ್ತ್ರಿ ಹಾಕಿ ಅಂಟಿಸುವ ಕ್ಯಾನ್ವಾಸ್, ಹಿಂದಕ್ಕೆ ಲೈನಿಂಗ್. ಲೋಹದ ಟಿಚ್ ಬಟನ್ ನಾಲ್ಕು ಜೊತೆ. ಬಣ್ಣ ಬಳಿದದ್ದು, ಪ್ಲಾಸ್ಟಿಕ್‌ನದು ನಡೆಯುವುದಿಲ್ಲ, ಬೆಳ್ಳಗೆ ಹೊಳೆಯುವ ಸಾದಾ ಬಟನ್ ಸಾಕು. ಕೆಂಪು ಎಲ್‌ಇಡಿ ನಾಲ್ಕು, ದೀಪಕ್ಕೆ ಕರೆಂಟ್ ಹೆಚ್ಚಾಗದಂತೆ ತಡೆಯುವ 100 ಓಮ್‌ನ ರೆಸಿಸ್ಟರ್ ನಾಲ್ಕು (ಕಂದು, ಕಪ್ಪು, ಕಂದು ಪಟ್ಟೆ ಇರುವುದು). ಎರಡು ಸಣ್ಣ ಎಎಎ ಸೆಲ್ ಕೂರುವ ಹೋಲ್ಡರ್. ಒಂದು ನೋಸ್ ಪ್ಲೈಯರ್, ದೊಡ್ಡ ಕಣ್ಣಿನ ಸೂಜಿ, ಬಣ್ಣವಿಲ್ಲದ ನೇಲ್ ಪಾಲಿಶ್. ನಮ್ಮಲ್ಲಿ ರೇಡಿಯಂ ಅನ್ನುವ, ಬೆಳಕು ಬಿದ್ದರೆ ಹೊಳೆಯುವ ಟೇಪ್ ಒಂದು ಅಡಿ. ಎಲೆಕ್ಟ್ರಾನಿಕ್ಸ್ ಸಾಮಾನು ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಒಂದೇ ಸುತ್ತಿಗೆ ಎಲ್ಲವೂ ಸಿಗುತ್ತದೆ. ಉಳಿದದ್ದು ಟೈಲರಿಂಗ್ ಮೆಟೀರಿಯಲ್ ಅಂಗಡಿಯಲ್ಲೇ ಇದೆ.

ಬೇರೆ ಬಣ್ಣ ಬಿಟ್ಟು ಕೆಂಪೇ ಯಾಕೆ? ಹಿಂದಿನ ದೀಪ ಕೆಂಪು ಎನ್ನುವುದು ಪ್ರತಿ ಚಾಲಕನಿಗೂ ರೂಢಿ. ಇನ್ನೊಂದು ಕಾರಣವೂ ಇದೆ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಬಿಳಿ, ನೀಲಿಗೆ 3 ವೋಲ್ಟ್ ಬೇಕು, ಸೆಲ್ ಸ್ವಲ್ಪ ಇಳಿದರೂ ಅವು ಮಂಕಾಗುತ್ತವೆ.

ಲೆಕ್ಕ ಸರಳ. ಸೆಲ್ಲಿನ 3 ವೋಲ್ಟ್‌ನಲ್ಲಿ ಎಲ್‌ಇಡಿಯ 2 ವೋಲ್ಟ್ ಕಳೆದರೆ 1 ಉಳಿಯುತ್ತದೆ. ಅದನ್ನು 100 ಓಮ್‌ನಿಂದ ಭಾಗಿಸಿದರೆ 0.01 ಆಂಪ್, ಅಂದರೆ 10 ಮಿಲಿಆಂಪ್ ಕರೆಂಟ್. ನಾಲ್ಕಕ್ಕೆ 40. ಒಂದು ಆಲ್ಕಲೈನ್ ಎಎಎ ಸೆಲ್ಲಿನಲ್ಲಿ ಸುಮಾರು 1,000 ಮಿಲಿಆಂಪ್-ಗಂಟೆ ಇರುತ್ತದೆ. ಅಂದರೆ 25 ಗಂಟೆ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಬಳಸಿದರೆ ಮೂರು ವಾರ ದಾಟುತ್ತದೆ, ಕೊನೆ ಕೊನೆಗೆ ಬೆಳಕು ಇಳಿಯುತ್ತದೆ. ಚಾರ್ಜ್ ಮಾಡುವ ಸೆಲ್ ಒಂದೊಂದೂ 1.2 ವೋಲ್ಟ್ ಮಾತ್ರ ಕೊಡುವುದರಿಂದ ಅದಕ್ಕೆ 47 ಓಮ್ ರೆಸಿಸ್ಟರ್ ಹಾಕಿ.

ಗುಂಡಿಯಂಥ ಸಿಆರ್2032 ಸೆಲ್ ಹಗುರ, ಪುಟ್ಟದು, ಹೊಲಿಯಲೂ ಸುಲಭ. ಆದರೂ ಚಿಕ್ಕ ಮಕ್ಕಳಿರುವ ಮನೆಗೆ ನಾನು ಅದನ್ನು ಹೇಳುವುದಿಲ್ಲ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಮೊಬೈಲ್‌ನ ಹಳೆ ಬ್ಯಾಟರಿ, ಲಿಥಿಯಂ ಪಾಲಿಮರ್ ಬ್ಯಾಟರಿ ಕೂಡ ಬೇಡ. ಬೆನ್ನ ಮೇಲೆ ಅದುಮಿ, ಬಾಗಿ, ಚುಚ್ಚಿಕೊಂಡರೆ ಬೆಂಕಿ ಹತ್ತುವ ವಸ್ತು ಅದು.

ಬಟ್ಟೆ ಮೇಲೆ ಗೆರೆ

ಪಟ್ಟಿಗೆ ಕ್ಯಾನ್ವಾಸ್ ಅಂಟಿಸಿ. ಬಟ್ಟೆ ಮಡಿಚದೆ ನಿಲ್ಲಬೇಕು, ಮಡಿಚಿದಲ್ಲಿ ಎರಡು ಸಾಲು ತಾಗಿಬಿಡುತ್ತವೆ. ಮಾರ್ಕಿಂಗ್ ಚಾಕ್‌ನಿಂದ ಅಡ್ಡ ಎರಡು ಗೆರೆ ಎಳೆಯಿರಿ. ಮೇಲಿನದು ಪ್ಲಸ್, ಕೆಳಗಿನದು ಮೈನಸ್, ನಡುವೆ 4 ಸೆಂ.ಮೀ. ಎರಡು ಗೆರೆ ಎಲ್ಲೂ ಒಂದನ್ನೊಂದು ದಾಟಬಾರದು. ಸೆಲ್ ಹೋಲ್ಡರ್‌ನ ಜೇಬು ಪಟ್ಟಿಯ ಹಿಂಬದಿಯಲ್ಲಿ, ನಡುವೆ.

ಸೆಲ್ಲನ್ನು ಜೇಬಿನಲ್ಲೋ ಸೊಂಟದಲ್ಲೋ ಇಟ್ಟು ದಾರವನ್ನು ಬೆನ್ನಿಗೆ ಓಡಿಸಬಾರದೇ ಎಂದು ಅನಿಸಬಹುದು. ಆಗ ದಾರ 70 ಸೆಂ.ಮೀ. ಆಗುತ್ತದೆ, ಹೋಗಿ ಬರುವ ಎರಡೂ ಸಾಲು ಸೇರಿ 40 ಓಮ್ ದಾಟುತ್ತದೆ. ನಾಲ್ಕೂ ದೀಪದ ಕರೆಂಟ್ ಆ ಒಂದೇ ದಾರದಲ್ಲಿ ಹರಿಯಬೇಕಾದ್ದರಿಂದ ವೋಲ್ಟೇಜ್ ದಾರಿಯಲ್ಲೇ ಕಳೆದುಹೋಗಿ ದೀಪ ಮಿಣುಕುತ್ತದೆ. ಸೆಲ್ ದೀಪದ ಹತ್ತಿರವೇ ಇದ್ದರೆ ಈ ತೊಂದರೆ ಇಲ್ಲ.

ಇನ್ನು ಸ್ವಿಚ್ಚು. ಪಟ್ಟಿಯ ನಾಲ್ಕು ಮೂಲೆಗೆ ನಾಲ್ಕು ಟಿಚ್ ಬಟನ್. ಬಲಗಡೆ ಎರಡು ಬರೀ ಹಿಡಿದುಕೊಳ್ಳಲು. ಎಡಗಡೆ ಎರಡು ಸ್ವಿಚ್. ಸೆಲ್ಲಿನ ಪ್ಲಸ್ ನೇರವಾಗಿ ದೀಪಗಳಿಗೆ ಹೋಗುವುದಿಲ್ಲ, ಎಡ ಮೇಲಿನ ಬಟನ್‌ಗೆ ಹೋಗುತ್ತದೆ. ಎಡ ಕೆಳಗಿನ ಬಟನ್‌ನಿಂದ ದೀಪಗಳ ಪ್ಲಸ್ ಸಾಲು ಶುರುವಾಗುತ್ತದೆ. ಆ ಬಟನ್ನನ್ನು ಮಾತ್ರ ತೀರಾ ಮೂಲೆಗೆ ಹಾಕದೆ ಎರಡು ಗೆರೆಗಳ ನಡುವಿನ ಎತ್ತರದಲ್ಲೇ ಇಟ್ಟು, ಮೈನಸ್ ಗೆರೆಯನ್ನು ಅದಕ್ಕೆ 2 ಸೆಂ.ಮೀ. ಮೊದಲೇ ನಿಲ್ಲಿಸಿ. ಶಾಲಿನ ಮೇಲೆ ಕೂರಿಸುವ ಜೋಡಿ ಬಟನ್ ಎರಡನ್ನೂ ಅದೇ ಕರೆಂಟಿನ ದಾರದಿಂದ ಒಂದಕ್ಕೊಂದು ಸೇರಿಸಿ ಹೊಲಿಯಿರಿ. ಎರಡೂ ಒತ್ತಿದಾಗ ದಾರಿ ಕೂಡಿಕೊಂಡು ದೀಪ ಹತ್ತುತ್ತದೆ. ಹಗಲಲ್ಲಿ ಬಲಗಡೆಯ ಎರಡು ಮಾತ್ರ ಒತ್ತಿ ಬಿಟ್ಟರೆ ಪಟ್ಟಿ ನೇತಾಡುತ್ತದೆ, ಸೆಲ್ ಉಳಿಯುತ್ತದೆ. ಇನ್ನೊಂದು ಶಾಲು, ಸ್ವೆಟರ್ ಇದ್ದರೆ ಅದಕ್ಕೂ ಒಂದು ಸೆಟ್ ಬಟನ್ ಹೊಲಿದಿಡಿ.

ಹೊಲಿಗೆ

ಎಲ್‌ಇಡಿಯ ಉದ್ದ ಕಾಲು ಪ್ಲಸ್. ಪ್ಲೈಯರ್‌ನಿಂದ ಅದನ್ನು ದುಂಡಗೆ ಸುತ್ತಿ, ಗಿಡ್ಡ ಕಾಲನ್ನು ಚೌಕವಾಗಿ ಮಡಿಚಿ. ಕಾಲು ಸುತ್ತಿದ ಮೇಲೆ ಉದ್ದ ಗಿಡ್ಡ ತಿಳಿಯುವುದಿಲ್ಲ, ಆಕಾರ ನೋಡಿದರೆ ತಿಳಿಯುತ್ತದೆ. ರೆಸಿಸ್ಟರ್‌ನ ಎರಡೂ ತುದಿ ದುಂಡಗೆ ಸುತ್ತಿ, ಅದಕ್ಕೆ ಪ್ಲಸ್ ಮೈನಸ್ ಇಲ್ಲ. ಪ್ಲಸ್ ಗೆರೆಯಿಂದ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ದುಂಡು ಕಾಲು, ಚೌಕ ಕಾಲು ಮೈನಸ್ ಗೆರೆಗೆ. ನಾಲ್ಕಕ್ಕೂ ಹೀಗೇ ಪ್ರತ್ಯೇಕ ದಾರಿ. ಒಂದರ ಹಿಂದೆ ಒಂದನ್ನು ಪೋಣಿಸಿದರೆ ಎರಡಕ್ಕೇ 4 ವೋಲ್ಟ್ ಬೇಕಾಗುತ್ತದೆ, ನಮ್ಮಲ್ಲಿರುವುದು 3.

ದಾರ ಒಂದು ಗಜಕ್ಕಿಂತ ಉದ್ದ ತಗೊಳ್ಳಬೇಡಿ, ಸಿಕ್ಕಾಗುತ್ತದೆ. ಸಣ್ಣ ಸಣ್ಣ ರನ್ನಿಂಗ್ ಸ್ಟಿಚ್ ಹಾಕುತ್ತಾ ಗೆರೆಯ ಮೇಲೆ ಹೋಗಿ. ಬಿಡಿಭಾಗದ ಕಾಲು ಬಂದಲ್ಲಿ ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ ಹೊಲಿಯಿರಿ. ಗುಂಡಿ ಹೊಲಿಯುವ ಬಿಗಿ ಸಾಲದು, ಅದಕ್ಕಿಂತ ಗಟ್ಟಿ ಬೇಕು. ಲೋಹಕ್ಕೆ ಲೋಹ ಒತ್ತಿಕೊಂಡರೆ ಮಾತ್ರ ಕರೆಂಟ್ ಹರಿಯುತ್ತದೆ. ಇಡೀ ಕೆಲಸದಲ್ಲಿ ಹೆಚ್ಚು ಕೈಕೊಡುವ ಜಾಗ ಇದೇ.

ಒಂದು ವಿಷಯ ಗಮನಿಸಿ. ಒಂದೇ ದಾರದಲ್ಲಿ ಎಲ್‌ಇಡಿಯ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹೊಲಿಯುತ್ತಾ ಹೋದರೆ ಎರಡೂ ಕಾಲು ದಾರದಿಂದ ಸೇರಿಬಿಡುತ್ತವೆ. ಕರೆಂಟ್ ದೀಪವನ್ನು ಬಿಟ್ಟು ದಾರದಲ್ಲೇ ಹೋಗುತ್ತದೆ. ಪ್ರತಿ ತುಂಡಿನ ಕೊನೆಗೂ ಗಂಟು ಹಾಕಿ, ದಾರ ಕತ್ತರಿಸಿ, ಮತ್ತೆ ಶುರು ಮಾಡಿ. ಗಂಟಿಗೆ ಒಂದು ಹನಿ ನೇಲ್ ಪಾಲಿಶ್ ಹಚ್ಚಿ, ಒಣಗಿದ ಮೇಲೆ ಬಾಲವನ್ನು ಚಿಕ್ಕದಾಗಿ ಕತ್ತರಿಸಿ. ಉದ್ದ ಬಾಲ ಬಿಟ್ಟರೆ ಅದು ಪಕ್ಕದ ಸಾಲಿಗೆ ತಾಗಿ ಶಾರ್ಟ್ ಮಾಡುತ್ತದೆ. ಹೋಲ್ಡರ್‌ನ ವೈರುಗಳ ತುದಿಯನ್ನೂ ಸಿಪ್ಪೆ ಸುಲಿದು ಹೀಗೇ ಉಂಗುರ ಮಾಡಿ ಹೊಲಿಯಬೇಕು.

ಮಿಷನ್‌ನಲ್ಲಿ ಹೊಲಿಯುವವರು ಈ ದಾರವನ್ನು ಬಾಬಿನ್‌ಗೆ ಸುತ್ತಿ, ಮೇಲೆ ಸಾದಾ ದಾರ ಹಾಕಿ. ಸೂಜಿಯಲ್ಲಿ ಹಾಕಿದರೆ ಎಳೆ ಬಿಚ್ಚಿ ತುಂಡಾಗುತ್ತದೆ. ಕಾಲುಗಳ ಹತ್ತಿರ ಮಾತ್ರ ಕೈಹೊಲಿಗೆಯೇ ಬೇಕು.

ಸೆಲ್ ಹಾಕುವ ಮುಂಚೆ

ಮಲ್ಟಿಮೀಟರ್ ತಗೊಂಡು ಪ್ಲಸ್ ಸಾಲಿಗೆ ಒಂದು ಕಡ್ಡಿ, ಮೈನಸ್ ಸಾಲಿಗೆ ಒಂದು ಕಡ್ಡಿ ಇಡಿ. ಬೀಪ್ ಬರಬಾರದು. ಬಂದರೆ ಎಲ್ಲೋ ದಾರ ತಾಗಿದೆ, ಹುಡುಕಿ ತೆಗೆಯಿರಿ. ಆಮೇಲೆ ಒಂದೇ ಸಾಲಿನ ಎರಡು ತುದಿ ನೋಡಿ, ಈಗ ಬೀಪ್ ಬರಬೇಕು. ಕಡ್ಡಿ ಹಿಡಿದುಕೊಂಡೇ ಇನ್ನೊಬ್ಬರಿಗೆ ಪಟ್ಟಿಯನ್ನು ಬಾಗಿಸಲು, ಹಿಂಡಲು ಹೇಳಿ. ಶಬ್ದ ನಡುನಡುವೆ ನಿಂತರೆ ಹೊಲಿಗೆ ಸಡಿಲ ಇದೆ ಎಂದರ್ಥ.

ಎಲ್ಲಾ ಸರಿ ಇದ್ದರೆ ಸೆಲ್ ಹಾಕಿ. ಒಂದು ದೀಪ ಮಾತ್ರ ಹತ್ತದಿದ್ದರೆ ಅದರ ಕಾಲು ತಿರುಗಮುರುಗ ಆಗಿರಬಹುದು. ಹೋಲ್ಡರ್ ಬಿಸಿಯಾದರೆ ತಕ್ಷಣ ಸೆಲ್ ತೆಗೆಯಿರಿ. ಎರಡು ನಿಮಿಷ ಉರಿಸಿ, ಕೈಯಲ್ಲಿ ಮುಟ್ಟಿ ನೋಡಿ, ತಣ್ಣಗಿದ್ದರೆ ಹಿಂದಕ್ಕೆ ಲೈನಿಂಗ್ ಕೊಟ್ಟು ಮುಚ್ಚಿ. ಬೆವರು ದಾರಕ್ಕೆ ತಾಗದಂತೆ ತಡೆಯುವುದು ಈ ಲೈನಿಂಗೇ.

ಕೊನೆಗೆ ಮುಂಭಾಗದಲ್ಲಿ ರೇಡಿಯಂ ಟೇಪ್ ಹೊಲಿಯಿರಿ. ಟೇಪ್‌ನಲ್ಲಿ ಲೋಹ ಇರಬಹುದು, ಅದಕ್ಕೇ ದಾರದ ಸಾಲಿಗೆ ತಾಗದಂತೆ ಇಡಿ. ಸೆಲ್ ಮುಗಿದ ದಿನವೂ ಈ ಟೇಪ್ ವಾಹನದ ಬೆಳಕಿಗೆ ಹೊಳೆಯುತ್ತದೆ. ದೀಪ ಇದೆಯಲ್ಲ ಎಂದು ಇದನ್ನು ಬಿಡಬೇಡಿ.

ಕತ್ತಲನ್ನು ಗುರುತಿಸುವ ಪಟ್ಟಿ

ಇಲ್ಲಿಂದ ಮುಂದೆ ಪಟ್ಟಿ ಸುತ್ತಲಿನದಕ್ಕೆ ಸ್ಪಂದಿಸಲು ಶುರು ಮಾಡುತ್ತದೆ. ಬೇಕಾದ್ದು ಬೆಳಕನ್ನು ಗುರುತಿಸುವ ಒಂದು ಎಲ್‌ಡಿಆರ್, ಒಂದು ಬಿಸಿ547 ಟ್ರಾನ್ಸಿಸ್ಟರ್ (ಬೇಸ್ ಎಂಬ ಕಾಲಿಗೆ ಸಣ್ಣ ಕರೆಂಟ್ ಬಂದರೆ ದೊಡ್ಡ ಕರೆಂಟಿಗೆ ದಾರಿ ಬಿಡುವ ಸ್ವಿಚ್), ಒಂದು 10 ಸಾವಿರ ಓಮ್ ರೆಸಿಸ್ಟರ್. ಎಲ್‌ಡಿಆರ್ ಮೇಲೆ ಬೆಳಕು ಬಿದ್ದರೆ ರೋಧ ಇಳಿಯುತ್ತದೆ, ಕತ್ತಲಲ್ಲಿ ಏರುತ್ತದೆ.

ಟ್ರಾನ್ಸಿಸ್ಟರ್‌ನ ಚಪ್ಪಟೆ ಮುಖ ನಿಮ್ಮ ಕಡೆಗೆ, ಕಾಲು ಕೆಳಗೆ ಇರುವಂತೆ ಹಿಡಿದರೆ ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್. ದೀಪಗಳ ಮೈನಸ್ ಸಾಲನ್ನು ಸೆಲ್ಲಿನಿಂದ ಬಿಡಿಸಿ ಕಲೆಕ್ಟರ್‌ಗೆ ಹೊಲಿಯಿರಿ. ಎಮಿಟರ್ ಸೆಲ್ಲಿನ ಮೈನಸ್‌ಗೆ. 10 ಸಾವಿರ ಓಮ್ ರೆಸಿಸ್ಟರ್ ದೀಪಗಳ ಪ್ಲಸ್ ಸಾಲಿನಿಂದ ಬೇಸ್‌ಗೆ. ಎಲ್‌ಡಿಆರ್ ಬೇಸ್‌ಗೂ ಎಮಿಟರ್‌ಗೂ ನಡುವೆ. ಹಗಲಲ್ಲಿ ಬೇಸ್‌ಗೆ ಬರುವ ಕರೆಂಟನ್ನು ಎಲ್‌ಡಿಆರ್ ಪಕ್ಕಕ್ಕೆ ಹರಿಸಿಬಿಡುತ್ತದೆ, ದೀಪ ಆರಿರುತ್ತದೆ. ಕತ್ತಲಾದರೆ ಆ ದಾರಿ ಮುಚ್ಚಿ ಕರೆಂಟ್ ಬೇಸ್‌ಗೆ ಹೋಗುತ್ತದೆ, ದೀಪ ಹತ್ತುತ್ತದೆ. ಟ್ರಾನ್ಸಿಸ್ಟರ್‌ನ ಮೂರು ಕಾಲು ಬಹಳ ಹತ್ತಿರ ಇರುತ್ತವೆ. ಮೂರು ದಿಕ್ಕಿಗೆ ಅಗಲಿಸಿ ಸುತ್ತಿ.

ಎಲ್‌ಡಿಆರ್ ಎಲ್ಲಿ ಇಡಬೇಕು ಎನ್ನುವುದು ಈ ಪಟ್ಟಿಯಲ್ಲಿ ಅತಿ ಮುಖ್ಯವಾದ ತೀರ್ಮಾನ. ದೀಪಗಳ ಜೊತೆಯಲ್ಲೇ ಹಿಂದಕ್ಕೆ ಮುಖ ಮಾಡಿ ಇಟ್ಟರೆ, ಹಿಂದಿನಿಂದ ವಾಹನ ಬಂದು ಹೆಡ್‌ಲೈಟ್ ಬಿದ್ದ ಕೂಡಲೇ ಪಟ್ಟಿ ಹಗಲಾಯಿತು ಎಂದುಕೊಂಡು ದೀಪ ಆರಿಸಿಬಿಡುತ್ತದೆ. ಬೇಕಾದ ಗಳಿಗೆಯಲ್ಲೇ ಆರುವ ದೀಪ ಇದ್ದೂ ಪ್ರಯೋಜನವಿಲ್ಲ. ಅದಕ್ಕೆ ಎಲ್‌ಡಿಆರ್ ಅನ್ನು ಪಟ್ಟಿಯ ಮೇಲಂಚಿನಲ್ಲಿ ಆಕಾಶಕ್ಕೆ ಮುಖ ಮಾಡಿ ಇಡಿ. ಹಿಂದಿನ ಬೆಳಕು ಬೀಳದಂತೆ ಎರಡು ಪದರ ಕಪ್ಪು ಬಟ್ಟೆಯ ಮರೆ ಕೊಡಿ. ಎಲ್‌ಇಡಿಗಳ ಬೆಳಕೂ ಅದಕ್ಕೆ ತಾಗಬಾರದು, ತಾಗಿದರೆ ದೀಪ ಸರಿಯಾಗಿ ಹತ್ತದೆ ಮಂಕಾಗುತ್ತದೆ. ಶಾಲು ಜಾರಿ ಎಲ್‌ಡಿಆರ್ ಮುಚ್ಚಿಹೋದರೆ? ಅದು ಕತ್ತಲು ಎಂದುಕೊಂಡು ದೀಪ ಹತ್ತಿಸುತ್ತದೆ. ತಪ್ಪಿದರೂ ಬೆಳಕಿನ ಕಡೆಗೇ ತಪ್ಪುತ್ತದೆ, ಅದು ಒಳ್ಳೆಯದೇ. ಸಂಜೆ ಕತ್ತಲಾದ ಮೇಲೆ ಮನೆ ಮುಂದಿನ ರಸ್ತೆಯಲ್ಲಿ ಪಟ್ಟಿ ಕಟ್ಟಿಕೊಂಡು ನಿಂತು, ಹಿಂದಿನಿಂದ ಬೈಕ್ ಲೈಟ್ ಬಿಡಿಸಿ ಪರೀಕ್ಷೆ ಮಾಡಿಯೇ ಕೊಡಿ.

ದೀಪ ಆರಿದ್ದರೂ ಎಡಗಡೆ ಬಟನ್ ಒತ್ತಿರುವಷ್ಟು ಹೊತ್ತು ಸುಮಾರು 0.3 ಮಿಲಿಆಂಪ್ ಹರಿಯುತ್ತಲೇ ಇರುತ್ತದೆ. ಮನೆಗೆ ಬಂದ ಮೇಲೆ ಪಟ್ಟಿ ಬಿಚ್ಚಿಡುವ ಅಭ್ಯಾಸ ಬೇಕು.

ಇಷ್ಟು ಕೈಗೆ ಹತ್ತಿದವರು ವೆಲೋಸ್ಟಾಟ್ ಎಂಬ ಕಪ್ಪು ಹಾಳೆ ಪ್ರಯತ್ನಿಸಬಹುದು. ಒತ್ತಿದರೆ ಅದರ ರೋಧ ಇಳಿಯುತ್ತದೆ. ಎರಡು ತುಂಡು ಕರೆಂಟ್ ಹರಿಸುವ ಬಟ್ಟೆಯ ನಡುವೆ ಇಟ್ಟರೆ ಒತ್ತಡ ಅಳೆಯುವ ಮೆತ್ತೆ ಸಿದ್ಧ. ಅದನ್ನು ಓದಲು ಮಾತ್ರ ಲಿಲಿಪ್ಯಾಡ್‌ನಂಥ ಬೋರ್ಡ್ ಬೇಕಾಗುತ್ತದೆ.

ಒಗೆತ, ರಿಪೇರಿ

ಒಗೆಯುವ ಮುಂಚೆ ಸೆಲ್ ತೆಗೆಯಿರಿ. ಹೋಲ್ಡರ್‌ಗೂ ಎರಡು ಟಿಚ್ ಬಟನ್ ಕೊಟ್ಟು ಬಿಡಿಸುವಂತೆ ಮಾಡಿದ್ದರೆ ಇನ್ನೂ ಒಳ್ಳೆಯದು. ಕೈಯಲ್ಲೇ, ಸೌಮ್ಯ ಸೋಪಿನಲ್ಲಿ ಒಗೆಯಿರಿ. ಬ್ರಶ್ ಹಾಕಿ ಉಜ್ಜಬೇಡಿ, ಕಲ್ಲಿಗೆ ಬಡಿಯಬೇಡಿ, ಹಿಂಡಬೇಡಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಒಣಗಿದ ಮೇಲೆ ಬಟನ್‌ಗಳ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಆಗ ದೀಪ ಮಿನುಗಿ ಆರುತ್ತದೆ. ಒಂದು ತುಂಡು ಬಟ್ಟೆಗೆ ನಿಂಬೆರಸ ಹಚ್ಚಿ ಬಟನ್ ಒರೆಸಿ, ಮತ್ತೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸರಿಹೋಗುತ್ತದೆ. ಪೂರ್ತಿ ಒಣಗದೆ ಸೆಲ್ ಹಾಕಬೇಡಿ.

ಮೊದಲು ಸವೆಯುವುದು ಸ್ವಿಚ್ ಬಟನ್‌ಗಳ ಬುಡ, ದಿನಾ ಎಳೆದು ಬಿಚ್ಚುತ್ತೇವಲ್ಲ. ದೀಪ ಮಿನುಗಲು ಶುರುವಾದರೆ ಮೊದಲು ಅಲ್ಲಿಗೇ ಮೀಟರ್ ಹಿಡಿಯಿರಿ. ಹಳೆ ಹೊಲಿಗೆ ಕೀಳುವುದು ಬೇಡ. ಅದರ ಮೇಲೆಯೇ ಎರಡು ಮೂರು ಸೆಂ.ಮೀ. ಒತ್ತಾಗಿ ಹೊಸ ದಾರ ಓಡಿಸಿ, ಬಟನ್‌ನ ನಾಲ್ಕೂ ತೂತಿಗೆ ಬಿಗಿಯಾಗಿ ಸುತ್ತಿ, ಗಂಟಿಗೆ ನೇಲ್ ಪಾಲಿಶ್ ಹಚ್ಚಿ, ಇನ್ನೊಮ್ಮೆ ಬೀಪ್ ನೋಡಿ.